ಮೊದಲ ಮಳೆಗೇ ಹೊಟ್ಟೆ ಬಿಟ್ಟ ಗೋಡೆ: ಹಳೇ ಬಾಗಿಲುಗಳಿಂದ ಕಟ್ಟಿದ ನಮ್ಮ ಸಾಮಾನು ಕೊಟ್ಟಿಗೆ

2022ರ ಜುಲೈ. ನಾಲ್ಕು ದಿನ ಬಿಡದೆ ಹೊಡೆದ ಮಳೆ ಒಂದು ಗಂಟೆ ಹೊಳವಾಗಿತ್ತು. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಬೇಕು, ಪಂಪು ತರೋಣ ಅಂತ ಹೊಸ ಕೊಟ್ಟಿಗೆಗೆ ಹೋದೆ. ಬಾಗಿಲು ತೆಗೆಯಲೇ ಇಲ್ಲ. ಭುಜ ಕೊಟ್ಟು ನೂಕಿದೆ, ಮೇಲಿನ ಮೂಲೆ ಮಾತ್ರ ಅಲುಗಿತು. ಸುತ್ತ ಹೋಗಿ ನೋಡಿದರೆ ದಕ್ಷಿಣದ ಗೋಡೆ ಹೊಟ್ಟೆ ಬಿಟ್ಟಿದೆ. ಎರಡು ಬಾಗಿಲು ಸೇರುವ ಜಾಗದಲ್ಲಿ ಮೂರು ಇಂಚು ಹೊರಗೆ ಬಂದಿದೆ. ಕಟ್ಟಿ ಮೂರು ತಿಂಗಳೂ ಆಗಿರಲಿಲ್ಲ.

ಸಾಗರದ ಕಡೆಯ ನಮ್ಮ ತೋಟದಲ್ಲಿ, ಬಿಚ್ಚಿದ ಮನೆಯ ಬಾಗಿಲುಗಳನ್ನೇ ಗೋಡೆ ಮಾಡಿ ಕಟ್ಟಿದ ಕೊಟ್ಟಿಗೆ ಅದು. ಹೇಗೆ ಕಟ್ಟಿದೆವು, ಎಲ್ಲಿ ತಪ್ಪಿದೆವು, ಆಮೇಲೆ ಏನು ಮಾಡಿದೆವು ಅಂತ ಪೂರ್ತಿ ಬರೆಯುತ್ತಿದ್ದೇನೆ. ಹಳೇ ಬಾಗಿಲು ಚೆಂದ ಕಾಣುತ್ತವೆ ಅಂತ ತಂದು ಹಾಕಿಕೊಂಡವರು ಈಗ ಬೇಕಾದಷ್ಟು ಜನ ಇದ್ದಾರೆ. ಮಳೆಗಾಲ ಕಳೆದ ಮೇಲಿನ ಕಥೆ ಹೇಳುವವರು ಕಮ್ಮಿ.

ಕೊಟ್ಟಿಗೆ ಬೇಕಾದದ್ದು ಮೈಲುತುತ್ತದ ದೆಸೆಯಿಂದ, ಅಂದರೆ ಔಷಧಿಗೆ ಬಳಸುವ ತಾಮ್ರದ ನೀಲಿ ಉಪ್ಪು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಲೆಕ್ಕ ಗೊತ್ತು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಇಷ್ಟು ವರ್ಷ ಆ ಚೀಲಗಳೆಲ್ಲ ದನದ ಕೊಟ್ಟಿಗೆಯ ಮೂಲೆಯಲ್ಲಿ, ಹಿಂಡಿ ಚೀಲದ ಪಕ್ಕದಲ್ಲೇ ಇರುತ್ತಿದ್ದವು. ಒಂದು ದಿನ ಕರುವೊಂದು ಮೈಲುತುತ್ತದ ಖಾಲಿ ಚೀಲ ನೆಕ್ಕುತ್ತಿದ್ದದ್ದನ್ನು ಅಮ್ಮ ಕಂಡಳು. ಕರುವಿಗೆ ಏನೂ ಆಗಲಿಲ್ಲ. ನಮಗೆ ಆದ ಮಂಗಳಾರತಿ ಮಾತ್ರ ಸಣ್ಣದಲ್ಲ.

ಅದೇ ಹೊತ್ತಿಗೆ ದೊಡ್ಡಪ್ಪನ ಮೂಲಮನೆ ಬಿಚ್ಚುತ್ತಿದ್ದರು. ಹಿಸೆಯಾಗಿ ಹತ್ತು ವರ್ಷ ಆಗಿತ್ತು. ಮಕ್ಕಳೆಲ್ಲ ಬೆಂಗಳೂರು ಸೇರಿದ್ದರು, ಮಾಡು ಸೋರುತ್ತಿತ್ತು. ಕೆತ್ತನೆ ಇದ್ದ ಕಂಬ, ಬೋದಿಗೆ, ಜಗುಲಿಯ ದೊಡ್ಡ ಬಾಗಿಲು ಮೊದಲ ದಿನವೇ ವ್ಯಾಪಾರಿಯ ಲಾರಿ ಹತ್ತಿದವು. ಅಂಥವಕ್ಕೆ ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಬೀದಿವರೆಗೂ ಗಿರಾಕಿ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮನೆಗೆ ಮನೆಯನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅದು ಬೇರೆಯೇ ಎದೆಗಾರಿಕೆ ಬಿಡಿ. ನಮ್ಮ ಪಾಲಿಗೆ ಉಳಿದದ್ದು ಯಾರಿಗೂ ಬೇಡವಾದ ಒಳಬಾಗಿಲುಗಳು: ಉಗ್ರಾಣದ್ದು, ಬಚ್ಚಲಿನದ್ದು, ಅಟ್ಟದ ಮೆಟ್ಟಿಲಿನದ್ದು, ನಡುಮನೆಯದ್ದು. ಕುಳ್ಳಗೆ, ದಪ್ಪಗೆ, ಕೆತ್ತನೆ ಇಲ್ಲದೆ. ತಲೆ ಬಗ್ಗಿಸದೆ ಹೋದವರ ಹಣೆ ಒಡೆಯುವಂಥವು.

ಆರಿಸಲು ನಮ್ಮ ಮರಗೆಲಸದ ಆಚಾರ್ರನ್ನು ಕರೆದುಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಬಾಗಿಲುಗಳನ್ನು ಅಂಗಳದಲ್ಲಿ ಸಾಲಾಗಿ ಒರಗಿಸಿದ್ದರು. ಅವರು ಬಣ್ಣವನ್ನೂ ನೋಡಲಿಲ್ಲ, ಚಿಲಕವನ್ನೂ ನೋಡಲಿಲ್ಲ. ನೇರ ಕುಕ್ಕರುಗಾಲಲ್ಲಿ ಕೂತು ಪ್ರತಿ ಬಾಗಿಲಿನ ಕೆಳಗಿನ ಎರಡು ಮೂಲೆಗೆ ಉಳಿಯ ತುದಿ ಒತ್ತಿದರು. ಒಂದರಲ್ಲಿ ಉಳಿ ಬೆಣ್ಣೆಗೆ ಹೋದ ಹಾಗೆ ಎರಡಿಂಚು ಒಳಗೆ ಹೋಯಿತು. ಒರಲೆ (ಗೆದ್ದಲು) ಒಳಗೆಲ್ಲ ತಿಂದು, ಹೊರಗಿನ ಹಸಿರು ಬಣ್ಣದ ಸಿಪ್ಪೆ ಮಾತ್ರ ಬಿಟ್ಟಿತ್ತು. ಆಮೇಲೆ ಗೆಣ್ಣಿನಿಂದ ತಟ್ಟುವುದು. ಗಟ್ಟಿ ಮರ ಠಣ್ ಅನ್ನುತ್ತದೆ, ಟೊಳ್ಳಾದದ್ದು ಬೊದಬೊದ ಅನ್ನುತ್ತದೆ. ಕುಟ್ಟೆ ಹುಳದ ತೂತಿದ್ದರೆ ಬಾಗಿಲನ್ನು ನೆಲಕ್ಕೆ ಒಮ್ಮೆ ಕುಟ್ಟಿ, ಕೆಳಗೆ ಬಿಳಿ ಹಿಟ್ಟು ಉದುರುತ್ತದಾ ಅಂತ ನೋಡಿದರು. ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ ಅಂತ ಲೆಕ್ಕ. ಉದುರದಿದ್ದರೆ ಅದು ಅಜ್ಜನ ಕಾಲದ ತೂತು, ಹೆದರಬೇಕಾಗಿಲ್ಲ.

ಹದಿನೈದರಲ್ಲಿ ಐದನ್ನು ಬೇಡ ಅಂದರು. ಒಂಟಿ ಕದದವು ಒಂಬತ್ತು, ದಾರಂದ (ಬಾಗಿಲಿನ ಚೌಕಟ್ಟು) ಸಮೇತ ಜೋಡಿ ಕದದ್ದು ಒಂದು, ಇಷ್ಟು ತಂದೆವು. ಒಂಟಿಗಳು ಜಾಸ್ತಿ ಹಲಸು, ಎರಡು ಸಾಗುವಾನಿ. ತೂಕದ ಅಂದಾಜು ಬೇಕಿದ್ದರೆ: ಆರೂವರೆ ಅಡಿ ಉದ್ದ, ಮೂರಡಿ ಅಗಲ, ಒಂದೂಕಾಲು ಇಂಚು ದಪ್ಪದ ಸಾಗುವಾನಿ ಬಾಗಿಲು 37 ಕೆಜಿ ಹತ್ತಿರ ಬರುತ್ತದೆ. ಹಿಂದಿನ ಅಡ್ಡಪಟ್ಟಿ, ಕಬ್ಬಿಣ ಸೇರಿದರೆ ಇನ್ನೂ ಮೇಲೆ. ಒಬ್ಬನೇ ಎತ್ತುತ್ತೇನೆ ಅಂತ ಹೋಗಬೇಡಿ. ನಾನು ಹೋಗಿ ಎರಡು ದಿನ ಸೊಂಟ ಹಿಡಿದುಕೊಂಡಿದ್ದೆ.

ಇನ್ನೊಂದು ಮಾತು. ಹಳೇ ಮನೆಯದ್ದೇ ಆದರೂ ಮರ ಮರವೇ. ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಕಾಗದಪತ್ರ ಕೈಯಲ್ಲಿಟ್ಟುಕೊಂಡೇ ಗಾಡಿ ಹೊರಡಿಸಿದೆವು.

ಜೋಡಿ ಕದದ ಬಾಗಿಲನ್ನು ಗಾಡಿಗೆ ಏರಿಸುವಾಗ ದೊಡ್ಡಪ್ಪ ಕೋಲೂರಿಕೊಂಡು ಬಂದು ನಿಂತರು. “ಅದು ಈ ಮನೇದಲ್ಲ ಕಣೋ. ಮುಳುಗಡೆ ಊರಿಂದ ಹೊತ್ತು ತಂದಿದ್ದು” ಅಂದರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿಗೆ ಊರುಗಳಷ್ಟೇ ಅಲ್ಲ, 1948ರಲ್ಲಿ ಆದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದು ತಲೆ ಎತ್ತುತ್ತದೆ. ಊರು ಬಿಟ್ಟವರು ಹೊರಲು ಆಗುವುದನ್ನೆಲ್ಲ ಹೊತ್ತರು: ಹಂಚು, ತೊಲೆ, ಬಾಗಿಲು. ಹಾಗೆ ಬಂದ ದೊಡ್ಡಮ್ಮನ ತವರಿನ ಬಾಗಿಲು ಅದು. ಅಂದರೆ ನಮ್ಮ ಕೊಟ್ಟಿಗೆ ಅದಕ್ಕೆ ಮೂರನೇ ಮನೆ. ಅದಕ್ಕೆ ಬಿಜಾಗರಿಯೇ ಇಲ್ಲ. ಕದದ ಮೇಲೆ ಕೆಳಗೆ ಮರದಲ್ಲೇ ಬಿಟ್ಟ ಗೂಟ, ಅದು ದಾರಂದದ ಕುಳಿಯಲ್ಲಿ ಕೂತು ತಿರುಗುತ್ತದೆ. ತೆಗೆಯುವಾಗ ಕದ ಒಂದು ಸಲ ಕೊಂಯ್ ಅನ್ನುತ್ತದೆ.

ಇದರ ಹೊಸ್ತಿಲ ವಿಷಯಕ್ಕೆ ಮನೆಯಲ್ಲಿ ಗಲಾಟೆ ಆಯಿತು. ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲನ್ನು ಕೆಸರು ಚಪ್ಪಲಿಯಲ್ಲಿ ದಾಟುವುದು ಎಂತ ಮಾರಾಯ ಅಂತ ಅಮ್ಮ ಪಟ್ಟು ಹಿಡಿದಳು. ನನಗೂ ವಾದ ಮಾಡುವ ಮನಸ್ಸಿರಲಿಲ್ಲ. ಹೊಸ್ತಿಲು ಬಿಚ್ಚಿ ಮನೆಯ ಹಿಂಬಾಗಿಲಿಗೆ ಹೋಯಿತು. ಕೊಟ್ಟಿಗೆಗೆ ಕಲ್ಲಿನ ಹೊಸ್ತಿಲು ಬಂತು, ಅದರಲ್ಲಿ ಹೊಸದಾಗಿ ಕುಳಿ ಕಡಿಸಿದೆವು. ಕೆಲಸದ ದೃಷ್ಟಿಯಿಂದ ನೋಡಿದರೆ ಇದೇ ಒಳ್ಳೆಯದಾಯಿತು. ನೆಲಕ್ಕೆ ಹತ್ತಿದ ಮರಕ್ಕೆ ಒರಲೆ ಮೊದಲು ಬರುವುದು.

ಬಣ್ಣ ತೆಗೆಯುವುದು ಬೇಸರದ ಕೆಲಸ. ಮೂರು ಬಾಗಿಲಿಗೆ ನಲವತ್ತು ವರ್ಷದಿಂದ ಪದರದ ಮೇಲೆ ಪದರ ಎಣ್ಣೆ ಬಣ್ಣ ಬಿದ್ದಿತ್ತು. ಉಜ್ಜುವ ಮಷಿನ್ ತರೋಣ ಅಂತ ತಮ್ಮ ಹೇಳಿದ. ನಾನು ಬೇಡ ಅಂದೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೇ ಬಣ್ಣದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ಒಣಗಿದ್ದನ್ನು ಉಜ್ಜಿದರೆ ಆ ಧೂಳು ಮಕ್ಕಳ ಮೂಗಿಗೇ ಹೋಗುತ್ತದೆ. ತಾಡಪಾಲು ಹಾಸಿ, ನೀರು ಚಿಮುಕಿಸಿ, ಕೆರೆಯುವ ಪಟ್ಟಿಯಿಂದ ಕೆರೆದೆವು. ಸಿಪ್ಪೆಯನ್ನೆಲ್ಲ ಚೀಲಕ್ಕೆ ತುಂಬಿದೆವು, ಸುಡಲಿಲ್ಲ. ಉಗ್ರಾಣದ ಬಾಗಿಲಿನ ಒಳಮೈಗೆ ಮಾತ್ರ ಕೈ ಹಾಕಲಿಲ್ಲ. ಅಲ್ಲಿ ಮಸಿಯಲ್ಲಿ ಹಾಲಿನ ಲೆಕ್ಕ ಇತ್ತು. ನಾಲ್ಕು ಗೀಟು, ಅಡ್ಡ ಒಂದು ಗೀಟು, ಹೀಗೆ ಮೂರು ಸಾಲು. ಯಾರ ಮನೆಗೆ ಕೊಟ್ಟ ಹಾಲೋ, ಬಾಕಿ ಬಂತೋ ಇಲ್ಲವೋ.

ಈಗ ಕಟ್ಟಿದ ವಿಷಯ. ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ. ನಮ್ಮಲ್ಲಿ ಆಗುಂಬೆಯ ಹಾಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವುದಿಲ್ಲ. ಆದರೂ ಪಡುವಣದಿಂದ ಇರಚಲು ಹೊಡೆದರೆ ಯಾವ ಬಾಗಿಲೂ ತಡೆಯುವುದಿಲ್ಲ. ಹಾಗಾಗಿ ಪಶ್ಚಿಮದ ಗೋಡೆ ಪೂರ್ತಿ ಜಂಬಿಟ್ಟಿಗೆ ಕಲ್ಲಿನದ್ದು. ಉತ್ತರಕ್ಕೆ ನಾಲ್ಕು, ದಕ್ಷಿಣಕ್ಕೆ ನಾಲ್ಕು ಬಾಗಿಲು ಗೋಡೆಯಾಗಿ ನಿಂತವು. ಪೂರ್ವಕ್ಕೆ ಜೋಡಿ ಕದದ ಬಾಗಿಲು, ತೆಗೆದು ಹಾಕುವುದು ಅದೊಂದೇ. ಉದ್ದದ ಎರಡೂ ಬದಿಗೆ ನಡುವೆ ಒಂದು, ಪೂರ್ವದ ಮೂಲೆಗೆ ಒಂದು ಕಂಬ. ಅದೇ ಮನೆಯ ತೊಲೆ ಕೊಯ್ದು ಮಾಡಿದ ಕಂಬಗಳು, ಕಲ್ಲಿನ ಮೇಲೆ ಕೂರಿಸಿದ್ದು. ಒಂದೊಂದು ಅಂಕಣದಲ್ಲಿ ಎರಡೆರಡು ಬಾಗಿಲು.

ಮಾಡಿನ ಭಾರ ಬಾಗಿಲಿನ ಮೇಲೆ ಬೀಳಬಾರದು ಅಂತ ಆಚಾರ್ರು ಮೊದಲೇ ಹೇಳಿದ್ದರು. ಎರಡೂವರೆ ಅಡಿ ಸೂರು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 450 ಹಂಚು. ಒಂದು ಹಂಚಿಗೆ ಎರಡೂವರೆ ಕೆಜಿ ಹಿಡಿದರೂ ಒಂದು ಟನ್ನಿನ ಮೇಲಾಯಿತು. ಅಷ್ಟೂ ಭಾರ ತೊಲೆಯ ಮೇಲೆ, ತೊಲೆಯಿಂದ ಕಂಬಕ್ಕೆ. ಪಕಾಸಿಗೂ ಹಳೇ ಮರವೇ, ರೀಪಿಗೆ ನಮ್ಮದೇ ತೋಟದ ಅಡಿಕೆ ಮರ ಸೀಳಿದ ದಬ್ಬೆ.

ಬಾಗಿಲುಗಳ ಎತ್ತರ ಒಂದೇ ಸಮ ಇರಲಿಲ್ಲ. ಐದಡಿ ಎರಡಿಂಚಿನಿಂದ ಆರಡಿ ನಾಲ್ಕಿಂಚಿನವರೆಗೆ ಇದ್ದವು. ಅಪ್ಪ ಮೇಲೆ ಸಮ ಮಾಡೋಣ ಅಂದರು, ನೋಡಲು ಚೆಂದ. ಆಚಾರ್ರು ಕೆಳಗೆ ಸಮ ಮಾಡೋಣ ಅಂದರು. ಕೆಳಗೆ ಒಂದೂವರೆ ಅಡಿ ಕಲ್ಲಿನ ಕಟ್ಟೆ, ಅದರ ಮೇಲೆ ಬಾಗಿಲು, ಮೇಲೆ ಉಳಿದ ಜಾಗಕ್ಕೆ ದಬ್ಬೆಯ ಸಂದು ಸಂದು ಪಟ್ಟಿ, ಗಾಳಿಯಾಡಲಿ ಅಂತ. “ಒಳಗೆ ಇಡೋದು ಸುಣ್ಣ, ಒದ್ದೆ ಹಗ್ಗ, ಗೋಣಿಚೀಲ. ಗಾಳಿ ಇಲ್ದಿದ್ರೆ ಬೂಸಲು ಬರ್ತದೆ ಮಾರಾಯ್ರೆ.” ಅಪ್ಪ ಸೋತರು. ಸೋತದ್ದು ಒಳ್ಳೆಯದಾಯಿತು.

ಸೋಲದೆ ಕೆಡಿಸಿದವನು ನಾನು. ಏಪ್ರಿಲ್ ಕೊನೆಯಲ್ಲಿ ಬಾಗಿಲು ಕೂರಿಸುವಾಗ ಆಚಾರ್ರು “ಸ್ವಲ್ಪ ಸಂದು ಬಿಡುವಾ” ಅಂದಿದ್ದರು. ಹೆಗ್ಗಣ ಬರುತ್ತದೆ, ನೀರು ಬರುತ್ತದೆ, ಸಂದು ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ದಕ್ಷಿಣದ ಅಂಕಣಗಳಲ್ಲಿ ಉಳಿದ ಎರಡು ಮೂರು ಇಂಚಿಗೂ ಗಟ್ಟಿ ಮರದ ಪಟ್ಟಿ ಹೊಡೆದು, ಕಾಗದ ತೂರದ ಹಾಗೆ ಬಿಗಿ ಮಾಡಿಸಿದೆ. ಉತ್ತರಕ್ಕೆ ಬರುವ ಹೊತ್ತಿಗೆ ಪಟ್ಟಿ ಮುಗಿದಿತ್ತು. ಅಲ್ಲಿ ಅಡಿಕೆ ದಬ್ಬೆಯನ್ನೇ ತುರುಕಿದೆವು. ಬಿಗಿಯಾಗಿ ಕೂತ ಬಾಗಿಲುಗಳನ್ನು ನೋಡಿ ಖುಷಿಪಟ್ಟು ಫೋಟೋ ಬೇರೆ ತೆಗೆದೆ.

ಜುಲೈನಲ್ಲಿ ಆದದ್ದನ್ನು ಮೊದಲೇ ಹೇಳಿದೆ. ಆಗ ನನಗೆ ಬಂದ ಮೊದಲ ಅನುಮಾನ ಅಡಿಪಾಯದ ಮೇಲೆ. ನೆಲ ಕುಸಿದಿರಬೇಕು ಅಂದುಕೊಂಡು ಕಟ್ಟೆ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಆಚಾರ್ರು ಬಂದರು, ಬೀಡಿ ಹಚ್ಚಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನೋಡಿದರು. ಆಮೇಲೆ ದಕ್ಷಿಣದ್ದೇ ಇನ್ನೊಂದು ಅಂಕಣದ ಹತ್ತಿರ ಹೋಗಿ ನಿಂತು, “ಇದ್ಯಾಕೆ ಸುಮ್ನೆ ಉಂಟು?” ಅಂತ ಕೇಳಿದರು.

ಅದೇ ಗೋಡೆ, ಅದೇ ಮಳೆ, ಅಷ್ಟೇ ಬಿಗಿ. ಹೊಟ್ಟೆ ಬಿಟ್ಟದ್ದು ಮೂಲೆ ಕಂಬದ ಕಡೆಯ ಅಂಕಣ. ಪಕ್ಕದ್ದು ನೂಲು ಹಿಡಿದ ಹಾಗೆ ನೆಟ್ಟಗೆ ಇದೆ. ಅದರಲ್ಲಿ ಇದ್ದದ್ದು ಸಾಗುವಾನಿಯ ಎರಡು ಪ್ಯಾನೆಲ್ ಬಾಗಿಲು. ಆಚಾರ್ರು ಬೆರಳಿನಿಂದ ನಡುವಿನ ಹಲಗೆಗೆ ಬಡಿದರು. ಹಲಗೆ ಗಡಗಡ ಅಂದಿತು. ಅದು ಸಡಿಲವಾಗಿದೆ ಅಂತ ನಾನು ಅಂದುಕೊಂಡಿದ್ದೆ. ಸಡಿಲ ಇರಲಿ ಅಂತಲೇ ಮಾಡಿದ್ದು. ಸುತ್ತಲಿನ ಪಟ್ಟಿಯಲ್ಲಿ ಕಾಲುವೆಯ ಹಾಗೆ ಗಾಡಿ ಕೊರೆದು ಹಲಗೆಯನ್ನು ಅದರೊಳಗೆ ಬಿಟ್ಟಿರುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಮಳೆಗಾಲದಲ್ಲಿ ಅದು ಒಳಗೊಳಗೇ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೊರಗಿನ ಅಳತೆ ಹೆಚ್ಚು ಕಮ್ಮಿ ಹಾಗೇ ಇರುತ್ತದೆ. ಹೊಟ್ಟೆ ಬಿಟ್ಟ ಅಂಕಣದವು ಬರೀ ಹಲಗೆ ಜೋಡಿಸಿ ಹಿಂದೆ ಅಡ್ಡಪಟ್ಟಿ ಹೊಡೆದ ಬಾಗಿಲು. ಅವು ಹಿಗ್ಗಿದರೆ ಅಗಲಕ್ಕೆ ಅಗಲವೇ ಹಿಗ್ಗುತ್ತವೆ.

ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ. ಅಡ್ಡಕ್ಕೆ ಹಾಗಲ್ಲ. ಸಾಗುವಾನಿಯಂಥ ಮರ ಕೂಡ, ಒಳಗಿನ ತೇವ ನೂರಕ್ಕೆ ಹತ್ತರಿಂದ ಹದಿನಾರಕ್ಕೆ ಏರಿದರೆ ಅಗಲದಲ್ಲಿ ನೂರಕ್ಕೆ ಒಂದರಷ್ಟು ಬೆಳೆಯುತ್ತದೆ. ಮೂರಡಿಗೆ ಸುಮಾರು 9 ಮಿಲಿಮೀಟರ್ ಆಯಿತು. ನಮ್ಮ ಹಲಸಿನ ಬಾಗಿಲಿಗೆ ಏಪ್ರಿಲ್‌ನಲ್ಲಿ ಹಾಕಿದ್ದ ಪೆನ್ಸಿಲ್ ಗುರುತಿಗೆ ಟೇಪು ಹಿಡಿದೆ, 8 ಮಿಲಿಮೀಟರ್ ಜಾಸ್ತಿ ಇತ್ತು. ಇಷ್ಟು ಸಣ್ಣದಕ್ಕೆ ಮೂರಿಂಚು ಹೊಟ್ಟೆ ಹೇಗೆ ಬಂತು ಅಂತ ನನಗೂ ಆಶ್ಚರ್ಯ. ಎರಡು ಇಸ್ಪೀಟ್ ಎಲೆಯನ್ನು ಅಂಚಿಗೆ ಅಂಚು ತಾಗಿಸಿ ಮೇಜಿನ ಮೇಲಿಟ್ಟು ಎರಡೂ ಕಡೆಯಿಂದ ಒಂಚೂರೇ ಒತ್ತಿ ನೋಡಿ. ಒತ್ತಿದ್ದು ಕೂದಲೆಳೆಯಷ್ಟು, ನಡುವೆ ಎದ್ದದ್ದು ಬೆರಳಷ್ಟು. ಲೆಕ್ಕದ ಪ್ರಕಾರ ನಮ್ಮ ಅಂಕಣ ನಾಲ್ಕಿಂಚಿಗಿಂತ ಜಾಸ್ತಿ ಉಬ್ಬಬೇಕಿತ್ತು. ಮೂಲೆ ಕಂಬ ತಾನೇ ಒಂದಿಷ್ಟು ಸರಿದುಕೊಟ್ಟದ್ದರಿಂದ ಮೂರಕ್ಕೆ ನಿಂತಿತು. ಕಂಬ ಸರಿದಾಗ ದಾರಂದ ಮುರುಗಿತು, ಜೋಡಿ ಕದ ಕಚ್ಚಿಕೊಂಡಿತು. ಎಲ್ಲಕ್ಕೂ ಬೇರು ಒಂದೇ.

ಉತ್ತರದ ಬಾಗಿಲುಗಳೂ ಹಿಗ್ಗಿದ್ದವು. ಆದರೆ ಅಲ್ಲಿ ತುರುಕಿದ್ದ ದಬ್ಬೆ ನಜ್ಜುಗುಜ್ಜಾಗಿ ಜಾಗ ಬಿಟ್ಟುಕೊಟ್ಟಿತ್ತು. ಪಟ್ಟಿ ಮುಗಿದದ್ದು ನಮ್ಮ ಪುಣ್ಯ.

“ಇದು ಬಾಗಿಲು ಮಾರಾಯ್ರೆ. ಗೋಡೆ ಮಾಡಿದ್ರೂ ಬಾಗಿಲೇ. ಅದಕ್ಕೆ ಓಡಾಡ್ಲಿಕ್ಕೆ ಜಾಗ ಬೇಕು.” ಅಷ್ಟು ಹೇಳಿ ಆಚಾರ್ರು ಛತ್ರಿ ಬಿಡಿಸಿ ಹೊರಟರು. ಮಳೆಯಲ್ಲಿ ಏನೂ ಮುಟ್ಟಬಾರದು ಅಂತ ಅವರ ತೀರ್ಮಾನ. ಹಿಗ್ಗಿದ ಬಾಗಿಲಿನ ಅಂಚು ಆಗಲೇ ಹೆರೆದರೆ ಮಾರ್ಚಿಯಲ್ಲಿ ಬೆಕ್ಕು ತೂರುವಷ್ಟು ಸಂದಾಗುತ್ತದೆ. ಅವತ್ತಿಗೆ ನಾಲ್ಕು ದಬ್ಬೆ ಬಿಚ್ಚಿ, ಮೇಲಿನ ಸಂದಿಯಿಂದ ತಮ್ಮನನ್ನು ಒಳಗಿಳಿಸಿ ಪಂಪು ತೆಗೆದೆವು.

ರಿಪೇರಿ ಆದದ್ದು ಡಿಸೆಂಬರಿನಲ್ಲಿ, ನಾಲ್ಕು ದಿನ. ಬಾಗಿಲನ್ನು ಎಲ್ಲೂ ಕೊಯ್ಯಲಿಲ್ಲ. ಬಿಗಿ ಮಾಡಿದ್ದ ಪಟ್ಟಿಗಳನ್ನು ಕಿತ್ತು ಸಣ್ಣ ಮಾಡಿದೆವು. ಕಂಬವನ್ನು ಜಾಗಕ್ಕೆ ತಂದು ಬುಡಕ್ಕೆ ಕಬ್ಬಿಣದ ಪಟ್ಟಿ ಕೊಟ್ಟೆವು. ಒಂದೊಂದು ಬಾಗಿಲಿನ ಎರಡೂ ಬದಿಗೆ ಒಂದು ಸೆಂಟಿಮೀಟರ್ ಸಂದು. ಮೊದಲು ಪ್ರತಿ ಬಾಗಿಲಿಗೆ ನಾಲ್ಕು ಮೂಲೆಗೂ ಮೊಳೆ ಹೊಡೆದಿದ್ದೆವು. ಈಗ ಮೇಲೆ ನಡುವಿನಲ್ಲಿ ಒಂದು, ಕೆಳಗೆ ನಡುವಿನಲ್ಲಿ ಒಂದು ಬೋಲ್ಟು, ಅಷ್ಟೇ. ಮೂಲೆಗಳು ಹಿಂದೆ ಮುಂದೆ ಎರಡು ಪಟ್ಟಿಗಳ ನಡುವೆ ಸುಮ್ನೆ ನಿಂತಿರುತ್ತವೆ. ಬಾಗಿಲು ನಡುವಿನಿಂದ ಎರಡೂ ಕಡೆಗೆ ಸಮ ಹಿಗ್ಗಬಹುದು.

ಸಂದು ಮುಚ್ಚಲು ಹೊರಗಿನಿಂದ ಎರಡೂವರೆ ಇಂಚಿನ ಪಟ್ಟಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಿಗೆ ಮೊಳೆ ಹೊಡೆಯುವುದು ಒಂದೇ ಬದಿಗೆ. ಬಲಗಡೆಯ ಬಾಗಿಲಿಗೆ ಹೊಡೆದರೆ ಎಡಗಡೆಯದ್ದಕ್ಕೆ ಬರೀ ಒತ್ತಿಕೊಂಡು ಇರಬೇಕು. ಎರಡಕ್ಕೂ ಹೊಡೆದರೆ ಮತ್ತೆ ಅದೇ ಕಥೆ. ಕೆಲಸಕ್ಕೆ ಬಂದ ಹುಡುಗ ಒಂದು ಕಡೆ ಗೊತ್ತಿಲ್ಲದೆ ಎರಡಕ್ಕೂ ಹೊಡೆದಿದ್ದ. ಮುಂದಿನ ಮಳೆಗೆ ಆ ಪಟ್ಟಿ ನಡುವೆ ಸೀಳಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ನೋಡಲು ಬಂದವರಿಗೆ ತೋರಿಸಲು.

ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಮೊದಲ ಸಲ ಹೊರಮೈಗೆ ಮಾತ್ರ ಹಚ್ಚಿದ್ದೆವು. ಈ ಸಲ ಬಾಗಿಲು ಬಿಚ್ಚಿದ್ದರಿಂದ ನಾಲ್ಕೂ ಅಂಚಿಗೆ, ಮುಖ್ಯವಾಗಿ ಹಲಗೆಯ ತಲೆ ಬುಡಕ್ಕೆ ಕುಡಿಯುವಷ್ಟು ಕುಡಿಸಿದೆವು. ಮರ ನೀರು ಹೀರುವುದು ಅಲ್ಲಿಂದಲೇ ಜಾಸ್ತಿ. ಗೇರೆಣ್ಣೆ ಮೈಗೆ ತಾಗಿದರೆ ಚರ್ಮ ಸುಟ್ಟ ಹಾಗೆ ಎದ್ದು ಬರುತ್ತದೆ, ಕೈಗವಸು ಬೇಕೇ ಬೇಕು. ದಕ್ಷಿಣದ ಬದಿಗೆ ಜೂನ್ ಬಂತೆಂದರೆ ಸೋಗೆ ತಟ್ಟಿ ಕಟ್ಟುತ್ತೇವೆ, ಅಜ್ಜ ಮಣ್ಣಿನ ಗೋಡೆಗೆ ಕಟ್ಟುತ್ತಿದ್ದ ಹಾಗೇ. ಬಾಗಿಲು ಚೆಂದ ಕಾಣಲಿ ಅಂತ ಮೊದಲ ವರ್ಷ ಕಟ್ಟಿರಲಿಲ್ಲ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಬಾಗಿಲುಗಳಿಗೆ ಕೊಟ್ಟದ್ದು 19,500 ರೂಪಾಯಿ. ಕಲ್ಲು, ಸಿಮೆಂಟು, ಮೇಸ್ತ್ರಿ ಸೇರಿ 31,000. ಆಚಾರ್ರು, ಸಹಾಯದವನು ಹದಿಮೂರು ದಿನಕ್ಕೆ 23,400. ಇದಕ್ಕೆ ಬಾಡಿಗೆ, ಹಂಚು, ಕಂಬ, ಎಣ್ಣೆಯೂ ಸೇರಿ ಅಲ್ಲಿಗೆ ಒಟ್ಟು 91,400. ರಿಪೇರಿ 8,100. ಒಟ್ಟು 99,500 ರೂಪಾಯಿ. ಅಷ್ಟೇ ದೊಡ್ಡ ತಗಡಿನ ಶೆಡ್ಡಿಗೆ ಆಗ ಒಬ್ಬರು 85,000 ಹೇಳಿದ್ದರು. ಹಳೇ ಸಾಮಾನು ಅಗ್ಗ ಅಂತ ಈ ಕೆಲಸಕ್ಕೆ ಇಳಿಯುವುದಾದರೆ ಇಳಿಯಬೇಡಿ. ಬಾಗಿಲು ಅಗ್ಗವೇ. ಒಂದೊಂದಕ್ಕೂ ಬೇರೆ ಬೇರೆ ಅಳತೆ ಹಿಡಿಯುವ ಆಚಾರಿಯ ದಿನಗೂಲಿ ಅಗ್ಗವಲ್ಲ. ಹಾಗಂತ ತಗಡಿನ ಶೆಡ್ಡು ಏಪ್ರಿಲ್ ಮಧ್ಯಾಹ್ನ ಒಲೆಯಾಗುತ್ತದೆ. ಇದರೊಳಗೆ ನಾನು ಊಟದ ಮೇಲೆ ಚೀಲ ಹಾಸಿ ಮಲಗಿದ್ದೂ ಉಂಟು.

ಆಮೇಲಿನ ಮಳೆಗಾಲಗಳಲ್ಲಿ ಗೋಡೆ ಅಲುಗಿಲ್ಲ. ಜುಲೈನಲ್ಲಿ ಸಂದುಗಳು ಮುಚ್ಚಿಕೊಳ್ಳುತ್ತವೆ, ಫೆಬ್ರವರಿಗೆ ತೆರೆದುಕೊಳ್ಳುತ್ತವೆ. ಹೊಸ ತೊಂದರೆ ಬೇರೆ ಕಡೆಯಿಂದ ಬಂದಿದೆ. ಮೈಲುತುತ್ತದ ಚೀಲಗಳನ್ನು ಉತ್ತರದ ಗೋಡೆಗೆ ಒರಗಿಸಿ ಇಡುತ್ತಿದ್ದೆವು. ತೇವಕ್ಕೆ ಅದು ಕರಗಿ ಅಡ್ಡಪಟ್ಟಿಯ ಹಳೇ ಮೊಳೆಗಳನ್ನು ತಿನ್ನುತ್ತಿದೆ. ತಲೆಗಳೆಲ್ಲ ಕೆಂಪು ಕೆಂಪಾಗಿ ಉದುರುತ್ತಿವೆ. ಚೀಲಗಳನ್ನೀಗ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಪಶ್ಚಿಮದ ಕಲ್ಲುಗೋಡೆಯ ಬದಿಗೆ ಇಟ್ಟಿದ್ದೇನೆ. ಹಾಲಿನ ಲೆಕ್ಕದ ಬಾಗಿಲಿಗೆ ಹೊಸ ಮೊಳೆ ಹೊಡೆಯಲು ಆಚಾರ್ರು ದೀಪಾವಳಿ ಕಳೆದು ಬರುತ್ತೇನೆ ಅಂದಿದ್ದಾರೆ. ಒಂಬತ್ತನೇ ಬಾಗಿಲು, ಅಟ್ಟದ ಮೆಟ್ಟಿಲಿನದ್ದು, ಇನ್ನೂ ಒಳಗೆ ತೊಲೆಯ ಮೇಲೆ ಮಲಗಿದೆ. ಅದನ್ನು ಎರಡು ಗೂಟದ ಮೇಲಿಟ್ಟು ಅಡಿಕೆ ಸುಲಿಯಲು ಮಣೆ ಮಾಡೋಣ ಅಂತ ಅಮ್ಮ ಹೇಳುತ್ತಿದ್ದಾಳೆ.